ಬಾಯಿಮಾತಿನ ಉಯಿಲು ಮತ್ತು ಬ್ರಿಟಿಷ್ ನ್ಯಾಯಾಲಯಗಳು

ಮರಣಶಯ್ಯೆಯಲ್ಲಿರುವವನು ತನ್ನ ಆಸ್ತಿ ಯಾರಿಗೆ ಸೇರಬೇಕೆಂಬುದನ್ನು ಬರೆದಿಡದೆ, ಸುತ್ತ ನೆರೆದವರ ಮುಂದೆ ಹೇಳಿ ತೀರಿಕೊಂಡರೆ ಅದನ್ನು ಮೌಖಿಕ ಉಯಿಲು ಎನ್ನಲಾಗುತ್ತದೆ. ಇಂಗ್ಲೆಂಡಿನಲ್ಲಿ 1837ರ ಉಯಿಲು ಕಾಯಿದೆಯು ಸೈನಿಕರು ಮತ್ತು ನಾವಿಕರನ್ನುಳಿದು ಉಳಿದೆಲ್ಲರಿಗೂ ಈ ಪದ್ಧತಿಯನ್ನು ರದ್ದುಪಡಿಸಿತಾದರೂ, ಬ್ರಿಟಿಷ್ ಭಾರತದ ಹಲವು ಪ್ರದೇಶಗಳಲ್ಲಿ ಹಿಂದೂಗಳ ಮಟ್ಟಿಗೆ ಅದು ಮುಂದಿನ ಸುಮಾರು ತೊಂಬತ್ತು ವರ್ಷ ಊರ್ಜಿತವಾಗಿಯೇ ಉಳಿಯಿತು.

ದಕ್ಷಿಣದಲ್ಲಿ ಪ್ರಚಲಿತವಾಗಿದ್ದ ಮಿತಾಕ್ಷರ ಪದ್ಧತಿಯ ಅವಿಭಕ್ತ ಕುಟುಂಬದಲ್ಲಿ, ಸತ್ತವನ ಪಾಲು ಉಳಿದ ದಾಯಾದಿಗಳಿಗೆ ತಾನಾಗಿಯೇ ಸಲ್ಲುತ್ತಿದ್ದುದರಿಂದ ಉಯಿಲಿಗೆ ಅಲ್ಲಿ ಹೆಚ್ಚಿನ ಅವಕಾಶವಿರಲಿಲ್ಲ. ಹಿಂದೂವಿನ ಉಯಿಲು ಹಿಂದೂ ಧರ್ಮಶಾಸ್ತ್ರಕ್ಕೆ ಹೊಂದುವಷ್ಟರ ಮಟ್ಟಿಗೆ ಮಾತ್ರ ಸಿಂಧುವೆಂದು ಮದರಾಸು ಸರ್ಕಾರ 1829ರ ನಿಬಂಧನೆಯಲ್ಲಿ ವಿಧಿಸಿತು. ಕೂಡುಕುಟುಂಬದ ಆಸ್ತಿಯನ್ನು ತಂದೆಯೂ ಉಯಿಲಿನಿಂದ ಪರಭಾರೆ ಮಾಡಲಾರನೆಂದು, ಲಂಡನ್ನಿನಲ್ಲಿದ್ದ ಅತ್ಯುನ್ನತ ಮೇಲ್ಮನವಿ ಪೀಠವಾದ ಪ್ರೀವಿ ಕೌನ್ಸಿಲ್ 1880ರಲ್ಲಿ ಮುಂಬಯಿ ಪ್ರಾಂತ್ಯದ ವ್ಯಾಜ್ಯವೊಂದರಲ್ಲಿ ತೀರ್ಪಿತ್ತಿತು. ಹೀಗಾಗಿ ಕೊನೆಯ ಮಾತು ಬಹುಮಟ್ಟಿಗೆ ಸ್ವಯಾರ್ಜಿತ, ಅಂದರೆ ಸ್ವಂತ ದುಡಿಮೆಯ ಆಸ್ತಿಗೂ ಪಾಲಾಗಿ ಬೇರೆಯಾದವನ ಆಸ್ತಿಗೂ ಸೀಮಿತವಾಯಿತು.

ಉಯಿಲು ಲಿಖಿತವಾಗಿದ್ದು, ಸಹಿ ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳನ್ನು ಹೊಂದಿರಬೇಕೆಂಬ ನಿಯಮವನ್ನು 1870ರ ಹಿಂದೂ ಉಯಿಲು ಕಾಯಿದೆ ತಂದಿತಾದರೂ, ಅದರ ವ್ಯಾಪ್ತಿ ಬಂಗಾಳದ ಲೆಫ್ಟಿನೆಂಟ್ ಗವರ್ನರನ ಆಡಳಿತ ಪ್ರದೇಶ ಹಾಗೂ ಮದರಾಸು, ಮುಂಬಯಿ ನಗರಗಳನ್ನು ದಾಟಲಿಲ್ಲ. ಮುಂಬಯಿ ನಗರದ ವರ್ತಕನ ಬಾಯಿಮಾತು ಅಸಿಂಧುವಾದರೆ, ಅದೇ ಪ್ರಾಂತ್ಯದ ಧಾರವಾಡ ಜಿಲ್ಲೆಯ ರೈತನೊಬ್ಬ ತನ್ನ ಹೊಲದ ಬಗ್ಗೆ ಆಡಿದ ಕೊನೆಯ ಮಾತು ಕಾನೂನಿನ ಕಣ್ಣಿನಲ್ಲಿ ಉಯಿಲೇ ಆಗಿತ್ತು. ಮದರಾಸು ಪ್ರಾಂತ್ಯದ ಬಳ್ಳಾರಿ, ದಕ್ಷಿಣ ಕನ್ನಡ ಜಿಲ್ಲೆಗಳ ಸ್ಥಿತಿಯೂ ಇದೇ.

ಆದರೆ ಸಿಂಧುತ್ವ ಬೇರೆ, ರುಜುವಾತು ಬೇರೆ. ಹಾಸಿಗೆಯ ಬಳಿ ಇದ್ದವರು ಸಾಮಾನ್ಯವಾಗಿ ಆಸ್ತಿಯ ಆಸೆಯಿದ್ದ ಬಂಧುಗಳೇ ಆಗಿರುತ್ತಿದ್ದುದರಿಂದ, ಅವರ ಸಾಕ್ಷ್ಯವನ್ನು ಎದುರಾಳಿಗಳು ಕಟ್ಟುಕಥೆಯೆನ್ನುವುದು ಸುಲಭವಿತ್ತು. ರೋಗಿಗೆ ಆಗ ಸ್ವಸ್ಥ ಬುದ್ಧಿಯಿತ್ತೇ ಎಂಬ ಪ್ರಶ್ನೆಯೂ ಏಳುತ್ತಿತ್ತು. ಬಿಹಾರದ ಹನ್ಸಾಪುರ ಸಂಸ್ಥಾನದ ವ್ಯಾಜ್ಯದಲ್ಲಿ ಪ್ರೀವಿ ಕೌನ್ಸಿಲ್ 1867ರಲ್ಲಿ, ಸತ್ತವನ ಮಾತನ್ನೇ ಹಕ್ಕಿನ ಆಧಾರವಾಗಿ ಮುಂದಿಡುವವನು ಆಡಿದ ಪದಗಳನ್ನು, ಕಾಲ ಮತ್ತು ಸ್ಥಳಗಳೊಡನೆ ಅತ್ಯಂತ ನಿಖರವಾಗಿ ಸಾಬೀತುಪಡಿಸಬೇಕೆಂದು ವಿಧಿಸಿತು. ದತ್ತಕದ ವ್ಯಾಜ್ಯಗಳಲ್ಲಿಯೂ ಇದೇ ತೊಡಕಿತ್ತು: ಮದರಾಸು ಪ್ರಾಂತ್ಯದಲ್ಲಿ ವಿಧವೆ ದತ್ತು ಪಡೆಯಲು ಗಂಡನ ಅನುಮತಿ ಅಥವಾ ಸಪಿಂಡರ, ಎಂದರೆ ಹತ್ತಿರದ ಜ್ಞಾತಿಗಳ ಒಪ್ಪಿಗೆ ಬೇಕಾಗಿದ್ದುದರಿಂದ, ಸಾಯುವಾಗ ಗಂಡ ಬಾಯಲ್ಲಿ ಅನುಮತಿ ಕೊಟ್ಟನೇ ಎಂಬುದರ ಮೇಲೆಯೇ ಇಡೀ ಆಸ್ತಿಯ ಭವಿಷ್ಯ ನಿಲ್ಲಬಹುದಿತ್ತು.

1925ರ ಭಾರತೀಯ ಉತ್ತರಾಧಿಕಾರ ಕಾಯಿದೆಗೆ ಬಳಿಕ ಬಂದ ತಿದ್ದುಪಡಿಗಳ ಪ್ರಕಾರ, 1927ರ ಜನವರಿ 1ರಿಂದ ಮಾಡಿದ ಹಿಂದೂ ಉಯಿಲುಗಳೆಲ್ಲ ಲಿಖಿತವಾಗಿರುವುದು ಕಡ್ಡಾಯವಾಯಿತು. ಇದರಿಂದ ವ್ಯಾಜ್ಯಗಳು ನಿಲ್ಲಲಿಲ್ಲ. ಏನು ಹೇಳಿದನೆಂಬ ವಿವಾದದ ಜಾಗಕ್ಕೆ ಸಹಿ ಅವನದೇ ಹೌದೇ ಎಂಬ ವಿವಾದ ಬಂತು. ಮುಸ್ಲಿಂ ವೈಯಕ್ತಿಕ ಕಾನೂನಿನಲ್ಲಿ ಮಾತ್ರ, ಸಾಮಾನ್ಯವಾಗಿ ಆಸ್ತಿಯ ಮೂರನೆಯ ಒಂದು ಭಾಗದ ಮಿತಿಯೊಳಗೆ, ಬಾಯಿಮಾತಿನ ಉಯಿಲು ಇಂದಿಗೂ ಸಿಂಧುವಾಗಿದೆ.