ಹಾಡಿದವರು ಮತ್ತು ಹಾಡು ಕಟ್ಟಿದವರು
ಯೂರೋವಿಷನ್ ಗೀತಸ್ಪರ್ಧೆಯ ಚರಿತ್ರೆಯಿಂದ ಒಂದು ವಿಚಾರ

ಒಂದು ಹಾಡು ನಮಗೆ ಹಿಡಿಸಿತೆಂದರೆ ಮೊದಲು ಕೇಳುವುದು, ಹಾಡಿದವರು ಯಾರು ಎಂದು. ಸಾಹಿತ್ಯ ಯಾರದು, ರಾಗ ಸಂಯೋಜನೆ ಯಾರದು ಎಂಬ ಪ್ರಶ್ನೆ ಆಮೇಲೆ ಬರುತ್ತದೆ. ಎಷ್ಟೋ ಸಲ ಬರುವುದೇ ಇಲ್ಲ. ಹೀಗಿರುವಾಗ ಹಾಡುಗಳಿಗಾಗಿಯೇ ಒಂದು ಸ್ಪರ್ಧೆ ಏರ್ಪಟ್ಟು, ಹಲವು ದೇಶಗಳ ಜನ ಅದನ್ನು ಒಂದೇ ರಾತ್ರಿ ಟೆಲಿವಿಷನ್ನಿನಲ್ಲಿ ನೋಡುವಂತಾದರೆ, ಹಾಡು ಬರೆದ ಕವಿಗೂ ಸಂಯೋಜಕನಿಗೂ ಅದರಿಂದ ಪ್ರಯೋಜನವುಂಟೆ? ಅಥವಾ ಅಲ್ಲಿಯೂ ಬೆಳಕು ಬೀಳುವುದು ಗಾಯಕರ ಮೇಲೆ ಮಾತ್ರವೆ? ಈ ಪ್ರಶ್ನೆಗೆ ಊಹೆಯಿಂದ ಉತ್ತರ ಹೇಳಬೇಕಾಗಿಲ್ಲ. 1956ರಲ್ಲಿ ಆರಂಭವಾದ ಯೂರೋವಿಷನ್ ಗೀತಸ್ಪರ್ಧೆಯ ಚರಿತ್ರೆ ನಮ್ಮ ಮುಂದಿದೆ. ಅದನ್ನೇ ಸಾಕ್ಷಿಯಾಗಿಟ್ಟುಕೊಂಡು ವಿಚಾರ ಮಾಡೋಣ.

ಲುಗಾನೋದಲ್ಲಿ ಆರಂಭ

ಎರಡನೆಯ ಮಹಾಯುದ್ಧ ಮುಗಿದು ಐದು ವರ್ಷಗಳಾದ ಮೇಲೆ, 1950ರಲ್ಲಿ, ಪ್ರಸಾರ ಸಂಸ್ಥೆಗಳು ಸೇರಿ ಯೂರೋಪಿಯನ್ ಬ್ರಾಡ್‌ಕಾಸ್ಟಿಂಗ್ ಯೂನಿಯನ್ ಎಂಬ ಒಕ್ಕೂಟವನ್ನು ಕಟ್ಟಿಕೊಂಡವು. ಟೆಲಿವಿಷನ್ ಆಗ ಇನ್ನೂ ಎಳೆಯ ಮಾಧ್ಯಮ. ಉಪಗ್ರಹ ಪ್ರಸಾರ ಬಂದಿರಲಿಲ್ಲ. ಒಂದು ದೇಶದಲ್ಲಿ ನಡೆಯುವುದನ್ನು ಇನ್ನೊಂದು ದೇಶ ಅದೇ ಗಳಿಗೆಯಲ್ಲಿ ನೋಡುವುದೇ ಒಂದು ಸಾಹಸವಾಗಿತ್ತು. ಈ ಸಾಹಸಕ್ಕೆ ತಕ್ಕ ಕಾರ್ಯಕ್ರಮವೊಂದನ್ನು ಹುಡುಕುತ್ತಿದ್ದ ಸಮಿತಿಯ ಮುಖ್ಯಸ್ಥರು ಸ್ವಿಟ್ಜರ್ಲೆಂಡಿನ ಮಾರ್ಸೆಲ್ ಬೆಜಾಂಸೋಂ. ಇಟಲಿಯ ಸಾನ್‌ರೆಮೋ ಪಟ್ಟಣದಲ್ಲಿ 1951ರಲ್ಲಿ ಪ್ರಾರಂಭವಾಗಿದ್ದ ಗೀತೋತ್ಸವ ಅವರಿಗೆ ಮಾದರಿಯಾಯಿತು.

1956ರ ಮೇ 24ರಂದು ಸ್ವಿಟ್ಜರ್ಲೆಂಡಿನ ಲುಗಾನೋ ನಗರದಲ್ಲಿ ಮೊದಲ ಸ್ಪರ್ಧೆ ನಡೆಯಿತು. ಏಳು ದೇಶಗಳು ತಲಾ ಎರಡು ಹಾಡುಗಳನ್ನು ತಂದಿದ್ದವು. ಗೆದ್ದದ್ದು ಆತಿಥೇಯ ದೇಶದ ‘ರಿಫ್ರೇನ್’ ಎಂಬ ಹಾಡು. ಹಾಡಿದವರು ಲಿಸ್ ಅಸಿಯಾ; ಸಂಗೀತ ಜಿಯೋ ವೂಮಾರ್ ಅವರದು, ಸಾಹಿತ್ಯ ಎಮಿಲ್ ಗಾರ್ದಾ ಅವರದು. ಸ್ಪರ್ಧೆಯ ಚರಿತ್ರೆ ಬಲ್ಲವರೆಲ್ಲ ಲಿಸ್ ಅಸಿಯಾ ಹೆಸರನ್ನು ಹೇಳುತ್ತಾರೆ. ಉಳಿದ ಇಬ್ಬರ ಹೆಸರು ಹೇಳುವವರು ವಿರಳ. ಹೆಸರಿನಲ್ಲಿ ಇದು ಗಾಯಕರ ಸ್ಪರ್ಧೆಯಲ್ಲ, ಗೀತೆಯ ಸ್ಪರ್ಧೆ. ಆದರೂ ಮೊದಲ ವರ್ಷದಿಂದಲೇ ಕಣ್ಣು ಕಂಡದ್ದನ್ನು ಜನ ನೆನಪಿನಲ್ಲಿಟ್ಟುಕೊಂಡರು. ಟೆಲಿವಿಷನ್ನಿನ ಸ್ವಭಾವವೇ ಅದು.

ಕೆಫೆಯಲ್ಲಿ ಹುಟ್ಟಿದ ಹಕ್ಕು

ಈ ಸ್ಪರ್ಧೆಯಲ್ಲಿ ಗೆದ್ದವರಿಗೆ ನಗದು ಬಹುಮಾನವಿಲ್ಲ. ಹಾಗಾದರೆ ಹಾಡು ಬರೆದವರಿಗೆ ಸಂಪಾದನೆ ಎಲ್ಲಿಂದ? ಇದನ್ನು ತಿಳಿಯಲು ಇನ್ನೂ ನೂರು ವರ್ಷ ಹಿಂದಕ್ಕೆ ಹೋಗಬೇಕು. 1847ರಲ್ಲಿ ಪ್ಯಾರಿಸ್ಸಿನ ಕೆಫೆಯೊಂದರಲ್ಲಿ ಗೀತರಚನೆಕಾರ ಅರ್ನೆಸ್ಟ್ ಬೂರ್ಜೆ ತನ್ನ ಗೆಳೆಯರೊಡನೆ ಕುಳಿತಿದ್ದ. ಅಲ್ಲಿನ ಕಲಾವಿದರು ಅವನದೇ ಹಾಡನ್ನು ಹಾಡಿದರು. ಅದಕ್ಕಾಗಿ ಅವನಿಗೆ ಕೆಫೆಯವರು ಏನನ್ನೂ ಕೊಟ್ಟಿರಲಿಲ್ಲ. ಹಾಗಾದರೆ ಕುಡಿದ ಪಾನೀಯಕ್ಕೆ ತಾನೂ ಹಣ ಕೊಡುವುದಿಲ್ಲವೆಂದು ಬೂರ್ಜೆ ಹಟ ಹಿಡಿದ. ವಿವಾದ ನ್ಯಾಯಾಲಯಕ್ಕೆ ಹೋಯಿತು. ತೀರ್ಪು ಬರೆದವನ ಪರವಾಗಿ ಬಂತು. ಅದರ ಫಲವಾಗಿ 1851ರಲ್ಲಿ ಸಾಸೆಮ್ ಎಂಬ ಸಂಘ ಹುಟ್ಟಿತು. ಹಾಡು ಎಲ್ಲೆಲ್ಲಿ ಬಳಕೆಯಾಗುತ್ತದೆಯೋ ಅಲ್ಲೆಲ್ಲ ಶುಲ್ಕ ವಸೂಲು ಮಾಡಿ, ಅದನ್ನು ಬರೆದವರಿಗೂ ಸಂಯೋಜಕರಿಗೂ ಹಂಚುವುದು ಅದರ ಕೆಲಸ. ಇಂಥ ಸಂಘಗಳು ಆಮೇಲೆ ಇತರ ದೇಶಗಳಲ್ಲಿಯೂ ಬಂದವು. ನಮ್ಮ ದೇಶದಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ತಂದ ತಿದ್ದುಪಡಿ, ಚಲನಚಿತ್ರಗೀತೆಗಳ ಸಾಹಿತಿಗೂ ಸಂಗೀತ ಸಂಯೋಜಕನಿಗೂ ರಾಯಧನದಲ್ಲಿ ಪಾಲು ಸಿಗಬೇಕೆಂಬುದನ್ನು ಗಟ್ಟಿಗೊಳಿಸಿತು.

ಈ ವ್ಯವಸ್ಥೆಯ ಮರ್ಮವನ್ನು ಗಮನಿಸಬೇಕು. ಗಾಯಕ ತನ್ನ ಕಂಠದಿಂದ ಸಂಪಾದಿಸುತ್ತಾನೆ. ಅವನ ಹಾಡನ್ನು ಬೇರೊಬ್ಬ ಹಾಡಿ ಧ್ವನಿಮುದ್ರಿಸಿದರೆ ಅದರಿಂದ ಮೊದಲ ಗಾಯಕನಿಗೆ ಲಾಭವಿಲ್ಲ. ರಚನೆಕಾರನಿಗೆ ಮಾತ್ರ ಲಾಭವುಂಟು. ತನ್ನ ಹಾಡನ್ನು ಯಾರು ಹಾಡಿದರೂ, ಯಾವ ದೇಶದ ರೇಡಿಯೋ ಪ್ರಸಾರ ಮಾಡಿದರೂ ಅವನ ಪಾಲು ಅವನಿಗೆ ಬರಬೇಕು. ಆದ್ದರಿಂದ ಇಂಥ ಸ್ಪರ್ಧೆ ರಚನೆಕಾರನಿಗೆ ಎಷ್ಟು ಬೆಲೆಯುಳ್ಳದ್ದು ಎಂದು ಅಳೆಯಲು ಆ ರಾತ್ರಿಯ ಅಂಕಪಟ್ಟಿ ಸಾಲದು. ಮರುದಿನದಿಂದ ಆ ಹಾಡು ಎಷ್ಟು ಕಂಠಗಳಿಗೆ ಹೋಯಿತು ಎಂಬುದನ್ನು ನೋಡಬೇಕು.

ಸೋತರೂ ಉಳಿದ ಹಾಡುಗಳು

ಈ ಅಳತೆಗೋಲಿನಿಂದ ನೋಡಿದಾಗ ಚರಿತ್ರೆ ವಿಚಿತ್ರವಾದ ಸಂಗತಿಗಳನ್ನು ತೋರಿಸುತ್ತದೆ. 1958ರಲ್ಲಿ ಇಟಲಿಯ ಡೊಮೆನಿಕೊ ಮೊದುನ್ಯೋ, ತಾವು ಫ್ರಾಂಕೊ ಮಿಲಿಯಾಚಿಯವರೊಡನೆ ಸೇರಿ ರಚಿಸಿದ ಹಾಡೊಂದನ್ನು ಹಾಡಿದರು. ಜಗತ್ತು ಅದನ್ನು ‘ವೊಲಾರೆ’ ಎಂಬ ಹೆಸರಿನಿಂದ ಬಲ್ಲದು. ಸ್ಪರ್ಧೆಯಲ್ಲಿ ಅದಕ್ಕೆ ಸಿಕ್ಕಿದ್ದು ಮೂರನೆಯ ಸ್ಥಾನ. 1959ರಲ್ಲಿ ಅಮೆರಿಕದಲ್ಲಿ ಗ್ರ್ಯಾಮಿ ಪ್ರಶಸ್ತಿಗಳನ್ನು ಮೊಟ್ಟಮೊದಲ ಬಾರಿಗೆ ಕೊಟ್ಟಾಗ ವರ್ಷದ ಧ್ವನಿಮುದ್ರಿಕೆ, ವರ್ಷದ ಗೀತೆ ಎಂಬ ಎರಡೂ ಪ್ರಶಸ್ತಿಗಳು ಇದೇ ಹಾಡಿಗೆ ಬಂದವು. ಮುಂದೆ ಎಷ್ಟೋ ಗಾಯಕರು ಅದನ್ನು ತಮ್ಮದಾಗಿ ಮಾಡಿಕೊಂಡರು.

1967ರಲ್ಲಿ ಲಕ್ಸೆಂಬರ್ಗ್ ಪರವಾಗಿ ವಿಕಿ ಲಿಯಾಂಡ್ರೋಸ್ ಹಾಡಿದ ಫ್ರೆಂಚ್ ಹಾಡು ‘ಲಾಮೂರ್ ಎ ಬ್ಲ್ಯೂ’. ಸಂಗೀತ ಆಂದ್ರೆ ಪೋಪ್, ಸಾಹಿತ್ಯ ಪಿಯೇರ್ ಕೂರ್. ಇದಕ್ಕೆ ನಾಲ್ಕನೆಯ ಸ್ಥಾನ. ಆಮೇಲೆ ಪಾಲ್ ಮೋರಿಯಾ ಎಂಬ ವಾದ್ಯವೃಂದ ನಿರ್ದೇಶಕರು ಅದರ ಮಾತುಗಳನ್ನು ಬಿಟ್ಟು, ಬರಿಯ ವಾದ್ಯಸಂಗೀತವಾಗಿ ಧ್ವನಿಮುದ್ರಿಸಿದರು. ಅದು ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. 1973ರಲ್ಲಿ ಎರಡನೆಯ ಸ್ಥಾನ ಪಡೆದ, ಹುವಾನ್ ಕಾರ್ಲೋಸ್ ಕಾಲ್ದೆರೋನ್ ರಚಿಸಿದ ಸ್ಪೇನಿನ ‘ಎರೆಸ್ ತೂ’ ಸ್ಪ್ಯಾನಿಷ್ ಭಾಷೆಯಲ್ಲಿಯೇ ಅಮೆರಿಕದಲ್ಲಿ ಜನಪ್ರಿಯವಾಯಿತು. ತೀರ ಈಚೆಗೆ, 2022ರಲ್ಲಿ, ಆರ್ಮೇನಿಯದ ರೋಸಾ ಲಿನ್ ಹಾಡಿದ ‘ಸ್ನ್ಯಾಪ್’ ಇಪ್ಪತ್ತನೆಯ ಸ್ಥಾನಕ್ಕೆ ಇಳಿದರೂ, ಆಮೇಲೆ ಮೊಬೈಲ್ ಫೋನುಗಳ ಕಿರು ವಿಡಿಯೋಗಳ ಮೂಲಕ ಹಲವು ದೇಶಗಳಿಗೆ ಹಬ್ಬಿತು.

ಇವು ಗೆದ್ದ ಹಾಡುಗಳಲ್ಲ. ಆದರೆ ಆ ವೇದಿಕೆ ಇಲ್ಲದಿದ್ದರೆ ಲಕ್ಸೆಂಬರ್ಗಿನಂಥ ಪುಟ್ಟ ದೇಶದ ಪರವಾಗಿ ಹಾಡಿದ ಹಾಡು ಒಂದೇ ರಾತ್ರಿಯಲ್ಲಿ ಅಷ್ಟು ದೇಶಗಳ ಕಿವಿಗೆ ಬೀಳುವ ಬೇರೆ ದಾರಿ ಆ ಕಾಲದಲ್ಲಿ ಕಾಣುವುದಿಲ್ಲ.

ಅಬ್ಬಾ ಮತ್ತು ಲಿಸ್ಬನ್

1974ರ ಏಪ್ರಿಲ್ 6ರಂದು ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ನಡೆದ ಸ್ಪರ್ಧೆ ಎರಡು ಕಾರಣಗಳಿಂದ ಮುಖ್ಯವಾದುದು. ಅಂದು ಗೆದ್ದವರು ಸ್ವೀಡನ್ನಿನ ಅಬ್ಬಾ ತಂಡ. ‘ವಾಟರ್‌ಲೂ’ ಹಾಡನ್ನು ರಚಿಸಿದ್ದು ತಂಡದ ಬೆನ್ನಿ ಆಂಡರ್ಸನ್, ಬ್ಯೋರ್ನ್ ಉಲ್ವೇಯಸ್ ಮತ್ತು ಅವರ ವ್ಯವಸ್ಥಾಪಕ ಸ್ಟಿಗ್ ಆಂಡರ್ಸನ್. ಅದಕ್ಕೆ ಹಿಂದಿನ ವರ್ಷ ಇವರದೇ ‘ರಿಂಗ್ ರಿಂಗ್’ ಸ್ವೀಡನ್ನಿನ ಆಯ್ಕೆಯ ಸುತ್ತಿನಲ್ಲಿಯೇ ಮೂರನೆಯದಾಗಿ ಉಳಿದುಹೋಗಿತ್ತು. ಸೋಲಿಗೆ ಕುಗ್ಗದೆ ಮರುವರ್ಷ ಮತ್ತೆ ಬರೆದರು, ಗೆದ್ದರು. ಇವರ ಹೆಚ್ಚಿನ ಸಾಧನೆ ಬಂದದ್ದು ಗೆದ್ದ ನಂತರ ಬರೆದ ಹಾಡುಗಳಿಂದ. ವೇದಿಕೆ ಬಾಗಿಲು ತೆರೆಯಿತು. ಒಳಗೆ ನಡೆದು ಮನೆ ಕಟ್ಟಿದ್ದು ಅವರ ದುಡಿಮೆ.

ಅದೇ ರಾತ್ರಿ ಪೋರ್ಚುಗಲ್ಲಿನ ಪೌಲೋ ದ ಕಾರ್ವಾಲ್ಯೋ ಹಾಡಿದ ಹಾಡು ಕೊನೆಯ ಸ್ಥಾನದಲ್ಲಿ ನಿಂತ ಹಾಡುಗಳಲ್ಲಿ ಒಂದು. ಸಾಹಿತ್ಯ ಜೋಸೆ ನಿಜಾ, ಸಂಗೀತ ಜೋಸೆ ಕಾಲ್ವಾರಿಯೋ. ಅದೊಂದು ಅಗಲಿಕೆಯ ಪ್ರೇಮಗೀತೆ. ಮೂರು ವಾರ ಕಳೆಯುವ ಮುನ್ನ, ಏಪ್ರಿಲ್ 24ರ ರಾತ್ರಿ, ಲಿಸ್ಬನ್ನಿನ ರೇಡಿಯೋದಲ್ಲಿ ಅದೇ ಹಾಡು ಕೇಳಿಬಂತು. ದಶಕಗಳ ಸರ್ವಾಧಿಕಾರವನ್ನು ಕೊನೆಗಾಣಿಸಲು ಹೊರಟಿದ್ದ ಸೇನಾಧಿಕಾರಿಗಳಿಗೆ ಅದು ಸಿದ್ಧರಾಗಲು ಕೊಟ್ಟ ಸಂಕೇತವಾಗಿತ್ತು. ಮರುದಿನ ಪೋರ್ಚುಗಲ್ಲಿನಲ್ಲಿ ಕ್ರಾಂತಿ ನಡೆಯಿತು. ಎಲ್ಲರಿಗೂ ಪರಿಚಿತವಾದ, ಯಾರಿಗೂ ಅನುಮಾನ ಹುಟ್ಟಿಸದ ಹಾಡಾದುದರಿಂದಲೇ ಅದು ಈ ಕೆಲಸಕ್ಕೆ ಒದಗಿತು. ತೀರ್ಪುಗಾರರು ಕೊಟ್ಟ ಅಂಕ ಬೇರೆ, ಕಾಲ ಕೊಟ್ಟ ಅಂಕ ಬೇರೆ.

ಆಕ್ಷೇಪಗಳು

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಮೊದಲನೆಯದು ಭಾಷೆಯ ಪ್ರಶ್ನೆ. 1966ರಲ್ಲಿ, ಪ್ರತಿ ದೇಶವೂ ತನ್ನ ಭಾಷೆಯಲ್ಲಿಯೇ ಹಾಡಬೇಕೆಂಬ ನಿಯಮ ಬಂತು. 1973ರಲ್ಲಿ ಅದನ್ನು ಸಡಿಲಿಸಿದರು. ಅಬ್ಬಾ ಇಂಗ್ಲಿಷಿನಲ್ಲಿ ಹಾಡಲು ಸಾಧ್ಯವಾದದ್ದು ಇದರಿಂದಲೇ. 1977ರಲ್ಲಿ ನಿಯಮ ಮರಳಿತು. 1999ರಲ್ಲಿ ಮತ್ತೆ ಹೋಯಿತು. ನಿಯಮವಿದ್ದಾಗ, ಪರಭಾಷೆಯ ಕೇಳುಗರನ್ನು ಮುಟ್ಟುವುದು ಹೇಗೆಂಬ ಚಿಂತೆಯಲ್ಲಿ ಕೆಲವು ಕವಿಗಳು ಅರ್ಥವಿಲ್ಲದ ಶಬ್ದಗಳ ಮೊರೆಹೋದರು. 1968ರಲ್ಲಿ ಗೆದ್ದ ಸ್ಪೇನಿನ ಹಾಡಿನ ಹೆಸರೇ ‘ಲಾ ಲಾ ಲಾ’. ನಿಯಮ ಹೋದ ಮೇಲೆ ಬಹುಪಾಲು ದೇಶಗಳು ಇಂಗ್ಲಿಷಿಗೆ ಹೊರಳಿದವು. ಒಂದು ಕಡೆ ಕೇಳುಗರ ಆಸೆ, ಇನ್ನೊಂದು ಕಡೆ ತಾಯ್ನುಡಿಯ ಸೊಗಸು. ಇವೆರಡರ ನಡುವೆ ಸಣ್ಣ ಭಾಷೆಯ ಕವಿ ಸಿಕ್ಕಿಬಿದ್ದ.

ಎರಡನೆಯದು ಅಚ್ಚಿನಲ್ಲಿ ಹೊಯ್ದಂಥ ಹಾಡುಗಳ ಪ್ರಶ್ನೆ. ಹಾಡು ಮೂರು ನಿಮಿಷ ಮೀರಬಾರದು ಎಂಬುದು ಇಲ್ಲಿನ ಕಟ್ಟಳೆ. ಅಷ್ಟರಲ್ಲಿ, ಒಂದೇ ಸಲ ಕೇಳಿದವರಿಗೂ ನೆನಪಿರಬೇಕು. ಗೆದ್ದ ಹಾಡಿನ ಮಾದರಿಯನ್ನು ಮರುವರ್ಷ ಹತ್ತು ಜನ ಅನುಕರಿಸುವುದು ಸಹಜ. ಹಾಡು ಬರೆದವರು ಆಯಾ ದೇಶದವರೇ ಆಗಿರಬೇಕೆಂಬ ನಿರ್ಬಂಧವೂ ಇಲ್ಲ. 2011ರಲ್ಲಿ ಅಜರ್‌ಬೈಜಾನ್ ಗೆದ್ದಾಗ ಅದರ ಹಾಡನ್ನು ಬರೆದವರು ಇಬ್ಬರು ಸ್ವೀಡನ್ನಿನವರು, ಒಬ್ಬರು ಬ್ರಿಟನ್ನಿನವರು. ಇಂಥ ವೃತ್ತಿಪರರಿಗೆ ಸ್ಪರ್ಧೆ ಒಳ್ಳೆಯ ಮಾರುಕಟ್ಟೆಯೇ ಸರಿ. ಆದರೆ ಸ್ಥಳೀಯ ರಚನೆಕಾರನಿಗೆ ತನ್ನ ದೇಶದ ಅವಕಾಶವೇ ತಪ್ಪಿಹೋಗುತ್ತದೆ.

ಮೂರನೆಯದು ವಾದ್ಯವೃಂದದ್ದು. 1998ರವರೆಗೆ ವೇದಿಕೆಯ ಬಳಿ ಜೀವಂತ ವಾದ್ಯವೃಂದವಿರುತ್ತಿತ್ತು. 1999ರಿಂದ ಅದು ಇಲ್ಲವಾಗಿ, ಮೊದಲೇ ಮುದ್ರಿಸಿದ ಸಂಗೀತಕ್ಕೆ ಗಾಯಕರು ದನಿಗೂಡಿಸುವಂತಾಯಿತು. ಖರ್ಚು ಉಳಿಯಿತು. ಆದರೆ ಸಂಯೋಜಕ ತನ್ನ ಕೃತಿಯನ್ನು ನುರಿತ ವಾದಕರ ಕೈಯಲ್ಲಿ ಕೇಳಿ, ತಿದ್ದಿ, ಕಲಿಯುವ ಅವಕಾಶ ಹೋಯಿತು.

ಕೂಡಿ ಬರೆದವರು

ಆ ಅವಕಾಶದ ಬೆಲೆ ಎಷ್ಟಿತ್ತು ಎಂಬುದಕ್ಕೆ ಒಂದು ನಿದರ್ಶನವಿದೆ. ನಾರ್ವೆಯ ಸಂಯೋಜಕ ರಾಲ್ಫ್ ಲವ್‌ಲಂಡ್ 1985ರಲ್ಲಿ ತಮ್ಮ ದೇಶಕ್ಕೆ ಮೊದಲ ಗೆಲುವು ತಂದವರು. 1994ರಲ್ಲಿ ಡಬ್ಲಿನ್ನಿನ ಸ್ಪರ್ಧೆಗೆ ಬಂದಾಗ, ಅಲ್ಲಿನ ವಾದ್ಯವೃಂದದಲ್ಲಿ ಪಿಟೀಲು ನುಡಿಸುತ್ತಿದ್ದ ಐರ್ಲೆಂಡಿನ ಫಿನೂಲಾ ಶೆರಿಯವರ ಪರಿಚಯವಾಯಿತು. ಇಬ್ಬರೂ ಸೇರಿ ‘ಸೀಕ್ರೆಟ್ ಗಾರ್ಡನ್’ ಎಂಬ ಜೋಡಿಯನ್ನು ಕಟ್ಟಿದರು. 1995ರಲ್ಲಿ ನಾರ್ವೆಗೆ ಎರಡನೆಯ ಗೆಲುವು ತಂದ ಅವರ ‘ನಾಕ್ಟರ್ನ್’ ಹಾಡಿನಲ್ಲಿ ಇದ್ದ ಪದಗಳು ಕೇವಲ 24. ಉಳಿದದ್ದೆಲ್ಲ ಪಿಟೀಲಿನ ಮಾತು. ಹಾಡೆಂದರೆ ಹೀಗೆಯೇ ಇರಬೇಕೆಂಬ ಅಚ್ಚನ್ನು ಅದೇ ವೇದಿಕೆಯಲ್ಲಿ ಮುರಿದು ಗೆಲ್ಲಬಹುದೆಂದು ಅದು ತೋರಿಸಿತು.

ಇನ್ನು 1994 ಮತ್ತು 1996ರಲ್ಲಿ ಗೆದ್ದ ಐರ್ಲೆಂಡಿನ ಹಾಡುಗಳನ್ನು ಬರೆದವರು ಬ್ರೆಂಡನ್ ಗ್ರಹಾಂ. ಮುಂದೆ ಲವ್‌ಲಂಡ್ ಅವರ ಸ್ವರಕ್ಕೆ ಗ್ರಹಾಂ ಮಾತು ಬರೆದಾಗ ಹುಟ್ಟಿದ ಹಾಡು ‘ಯು ರೈಸ್ ಮಿ ಅಪ್’. 2003ರಲ್ಲಿ ಅಮೆರಿಕದ ಜಾಶ್ ಗ್ರೋಬನ್, 2005ರಲ್ಲಿ ಐರ್ಲೆಂಡಿನ ವೆಸ್ಟ್‌ಲೈಫ್ ತಂಡ ಅದನ್ನು ಹಾಡಿ ಜಗತ್ತಿಗೆಲ್ಲ ಮುಟ್ಟಿಸಿದರು. ಆ ಹಾಡು ಯಾವ ಸ್ಪರ್ಧೆಗೂ ಬರೆದದ್ದಲ್ಲ. ಆದರೆ ಅದರ ಇಬ್ಬರು ಕರ್ತೃಗಳೂ ಬೆಳೆದದ್ದು, ಹೆಸರಾದದ್ದು ಈ ಸ್ಪರ್ಧೆಯ ಅಂಗಳದಲ್ಲಿ.

ಕೊನೆಯ ಮಾತು

ಇಷ್ಟನ್ನೂ ಕೂಡಿಸಿ ನೋಡಿದಾಗ ಏನು ಹೇಳಬಹುದು? ಸ್ಪರ್ಧೆಯ ಅಂಕ ಹಾಡಿನ ಯೋಗ್ಯತೆಯನ್ನು ನಿರ್ಧರಿಸುವುದಿಲ್ಲ. ‘ವೊಲಾರೆ’ ಮತ್ತು ಪೋರ್ಚುಗಲ್ಲಿನ ಹಾಡು ಇದಕ್ಕೆ ಸಾಕ್ಷಿ. ರಚನೆಕಾರನಿಗೆ ಸ್ಪರ್ಧೆಯಿಂದ ದೊರೆಯುವ ನಿಜವಾದ ಲಾಭ ಮೂರು: ಗಡಿ ದಾಟಿ ಕೇಳುಗರು ಸಿಗುತ್ತಾರೆ, ಹಾಡಿಗೆ ಬೇರೆ ಕಂಠಗಳು ಸಿಗುತ್ತವೆ, ಜೊತೆಗೂಡಿ ದುಡಿಯುವ ಸಹೃದಯರು ಸಿಗುತ್ತಾರೆ. ಇವು ಸಣ್ಣ ಲಾಭಗಳಲ್ಲ. ಗೆಲ್ಲಲೆಂದೇ ಇನ್ನೊಬ್ಬರ ಅಚ್ಚಿನಲ್ಲಿ ತನ್ನನ್ನು ಹೊಯ್ದುಕೊಂಡವನಿಗೆ ಮಾತ್ರ ಇವು ದಕ್ಕುವುದು ಕಷ್ಟ.

ಪೋರ್ಚುಗಲ್ ಮೊದಲ ಬಾರಿ ಸ್ಪರ್ಧೆಗಿಳಿದದ್ದು 1964ರಲ್ಲಿ; ಗೆದ್ದದ್ದು 2017ರಲ್ಲಿ, 53 ವರ್ಷಗಳ ಮೇಲೆ. ಗೆಲ್ಲಿಸಿದ್ದು ಲೂಯಿಸಾ ಸೊಬ್ರಾಲ್ ತಮ್ಮ ಸಹೋದರ ಸಾಲ್ವಡೋರ್‌ಗಾಗಿ ರಚಿಸಿದ, ಪೋರ್ಚುಗೀಸ್ ಭಾಷೆಯ ಒಂದು ಮೆಲುದನಿಯ ಹಾಡು. ಅಬ್ಬರವಿಲ್ಲ, ಇಂಗ್ಲಿಷ್ ಇಲ್ಲ. ಗೆಲುವು ಘೋಷಣೆಯಾದ ಮೇಲೆ ಸಾಲ್ವಡೋರ್ ಹಾಡು ಬರೆದ ಲೂಯಿಸಾರನ್ನು ವೇದಿಕೆಗೆ ಕರೆದುಕೊಂಡರು. ಇಬ್ಬರೂ ಕೂಡಿ ಅದನ್ನು ಮತ್ತೊಮ್ಮೆ ಹಾಡಿದರು. ಹಾಡಿದವರು, ಹಾಡು ಕಟ್ಟಿದವರು ಇಬ್ಬರ ಮುಖವನ್ನೂ ಜನ ಅಂದು ಒಟ್ಟಿಗೆ ಕಂಡರು.