ಅಂಬಲಿಯ ಗಡಿಗೆಯೂ ಕೂನೂರಿನ ಪ್ರಯೋಗಶಾಲೆಯೂ

ಕೊಯಮತ್ತೂರು, ತಿರುಪ್ಪೂರು ಸೀಮೆಯ ಕನ್ನಡಿಗರಾದ ನಾವು ನಮ್ಮ ಚರಿತ್ರೆಯನ್ನು ಹೇಳಹೊರಟರೆ ಅರಸರಿಂದಲೇ ಆರಂಭಿಸುವುದು ರೂಢಿ. 1799ರವರೆಗೆ ಈ ನಾಡು ಮೈಸೂರಿನ ಆಳ್ವಿಕೆಯಲ್ಲಿತ್ತೆಂಬುದನ್ನೂ, ಕೊಳ್ಳೇಗಾಲವು 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತೆಂಬುದನ್ನೂ ಅಭಿಮಾನದಿಂದ ನೆನೆಯುತ್ತೇವೆ. ಆದರೆ ನಮ್ಮ ಹಿರಿಯರ ಅಡುಗೆಮನೆಗೂ ಒಂದು ಚರಿತ್ರೆಯಿದೆ. ಅದನ್ನು ನಾವು ಬರೆದಿಟ್ಟುಕೊಂಡಿಲ್ಲ.

ಗುಂಡಿಮಗ್ಗದಲ್ಲಿ ಹಗಲೆಲ್ಲ ಕುಳಿತು ನೇಯುತ್ತಿದ್ದ ದೇವಾಂಗರೂ, ಎರೆಮಣ್ಣಿನಲ್ಲಿ ಹತ್ತಿ ಬೆಳೆಯುತ್ತಿದ್ದ ಒಕ್ಕಲುಮಕ್ಕಳೂ ಉಂಡದ್ದು ಹೆಚ್ಚಾಗಿ ರಾಗಿ, ಸಜ್ಜೆ, ಜೋಳ. ಮಳೆ ಕಡಿಮೆಯಾದ ಈ ನೆಲ ಕೊಡುತ್ತಿದ್ದುದೂ ಅವನ್ನೇ. ಹಿಂದಿನ ದಿನ ಕಾಯಿಸಿದ ಅಂಬಲಿ ರಾತ್ರಿಯೆಲ್ಲ ಗಡಿಗೆಯಲ್ಲಿದ್ದು ಹುಳಿಯೇರಿ, ಬೆಳಗ್ಗೆ ಮಜ್ಜಿಗೆ, ಈರುಳ್ಳಿಗಳೊಡನೆ ಊಟವಾಗುತ್ತಿತ್ತು. ಇದನ್ನು ಅವರು ಆರೋಗ್ಯಕ್ಕಾಗಿ ಆರಿಸಿಕೊಂಡರೆಂದರೆ ಸತ್ಯವಾಗದು, ಆರಿಸಿಕೊಟ್ಟದ್ದು ಬಡತನ. 1876–78ರ ಮಹಾಕ್ಷಾಮದಲ್ಲಿ ಅನೇಕರಿಗೆ ಅದೂ ದೊರೆಯಲಿಲ್ಲ.

ಕರುಳಿಗೂ ಊಟಕ್ಕೂ ಇರುವ ನಂಟನ್ನು ವಿಜ್ಞಾನವು ಪರೀಕ್ಷಿಸಿ ನೋಡಿದ್ದು ನಮ್ಮ ನೆರೆಯಲ್ಲಿಯೇ. ಮೆಟ್ಟುಪಾಳ್ಯದಿಂದ ಬೆಟ್ಟದ ರೈಲು ಹತ್ತಿದರೆ ಕೂನೂರು. ಅಲ್ಲಿನ ಪಾಸ್ಚರ್ ಸಂಸ್ಥೆಯ ಒಂದೇ ಕೋಣೆಯಲ್ಲಿ 1918ರಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿ ರೋಗದ ಸಂಶೋಧನೆಗೆ ತೊಡಗಿದರು. ಹಬೆಯ ಒತ್ತಡದಲ್ಲಿ ಬೇಯಿಸಿ ಜೀವಸತ್ವ ಕಳೆದುಹೋದ ಅಕ್ಕಿಯನ್ನು ಮಂಗಗಳಿಗೆ ತಿನ್ನಿಸಿದಾಗ, ಅವುಗಳ ಕರುಳೇ ಕೆಟ್ಟು ಉರಿಯೂತ, ಭೇದಿ ಕಾಣಿಸಿಕೊಂಡವು. 1919ರಲ್ಲಿ ಅವರು ಈ ವಿಷಯವನ್ನು ಪ್ರಕಟಿಸಿದರು. ಬಳಿಕ ಕೊಯಮತ್ತೂರಿನ ಕೃಷಿ ರಸಾಯನಶಾಸ್ತ್ರಜ್ಞ ಬಿ. ವಿಶ್ವನಾಥರೊಡನೆ ಸೇರಿ, ಬೇರೆಬೇರೆ ಗೊಬ್ಬರಗಳಲ್ಲಿ ಬೆಳೆದ ಕಿರುಧಾನ್ಯ ಮತ್ತು ಗೋಧಿಯ ಪೋಷಕಗುಣವನ್ನು ಹೋಲಿಸಿ 1926ರಲ್ಲಿ ಪ್ರಬಂಧ ಬರೆದರು. ಆ ಒಂದು ಕೋಣೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ.

ಮ್ಯಾಕ್‌ಕ್ಯಾರಿಸನ್ನರ ಕಾಲಕ್ಕೆ ತಿಳಿಯದಿದ್ದ ಇನ್ನೊಂದು ಸಂಗತಿ ಇಂದು ತಿಳಿದಿದೆ. ಧಾನ್ಯದ ನಾರು ನಮ್ಮಲ್ಲಿ ಪೂರ್ತಿ ಜೀರ್ಣವಾಗದೆ ದೊಡ್ಡ ಕರುಳನ್ನು ಸೇರುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುಳಿಸಿ ಉಂಟುಮಾಡುವ ಆಮ್ಲಗಳೇ ಕರುಳಿನ ಒಳಪದರದ ಜೀವಕೋಶಗಳಿಗೆ ಆಹಾರ. ಗಡಿಗೆಯಲ್ಲಿ ನಡೆಯುತ್ತಿದ್ದ ಹುಳಿಯುವಿಕೆಗೂ ಹೊಟ್ಟೆಯೊಳಗಿನದಕ್ಕೂ ಬಳಗದ ಸಂಬಂಧವಿದೆ. ಬಡವರ ಊಟವೆಂದು ನಾಚಿ ನಾವು ಕೈಬಿಟ್ಟದ್ದು ಇದನ್ನೇ.

ಊಟದೊಡನೆ ಮಾತೂ ಹೋಗುತ್ತಿದೆ. ನಮ್ಮ ಮಕ್ಕಳು ‘ಕಂಬು’, ‘ಕಳಿ’ ಎಂದರೆ ಬಲ್ಲರು. ‘ಸಜ್ಜೆ’, ‘ಮುದ್ದೆ’ ಎಂದರೆ ಮುಖ ನೋಡುತ್ತಾರೆ. ಅಂಬಲಿಯನ್ನು ಬೇಸಗೆಯಲ್ಲಿ ಎಷ್ಟು ಹೊತ್ತು, ಚಳಿಯಲ್ಲಿ ಎಷ್ಟು ಹೊತ್ತು ಹುಳಿಸಬೇಕೆಂಬುದು ನಮ್ಮ ಮನೆಯ ಅಜ್ಜಿಯರಿಗೆ ಮಾತ್ರ ಗೊತ್ತು. ಅವರಿರುವಾಗಲೇ ಕೇಳಿ, ಅವರಾಡುವ ಕನ್ನಡದಲ್ಲಿಯೇ ಬರೆದಿಡೋಣ. ಅರಸರ ಚರಿತ್ರೆಯನ್ನು ಶಾಸನಗಳು ಕಾಪಾಡಿಕೊಂಡಿವೆ. ಅಂಬಲಿಯ ಚರಿತ್ರೆಗೆ ನಾವೇ ದಿಕ್ಕು.