ಎಲೆಕ್ಟ್ರಿಕ್ ಮೌಂಟನ್ ಬೈಕಿಗೆ ಹಿಂದಿನ ಮಡ್‌ಗಾರ್ಡ್: ಆಯ್ಕೆ ಮತ್ತು ಜೋಡಣೆ

ನೀಲಗಿರಿ, ವಯನಾಡಿನ ಮಳೆಗಾಲಕ್ಕೆ ಮುನ್ನ ಸದಸ್ಯರ ಅನುಕೂಲಕ್ಕಾಗಿ ಈ ಮಾಹಿತಿ ನೀಡುತ್ತಿದ್ದೇವೆ.

ಆಯ್ಕೆ: ಟೈರಿನ ಅಳತೆ ಅದರ ಬದಿಯಲ್ಲೇ ಅಚ್ಚಾಗಿರುತ್ತದೆ. 29×2.4 ಎಂದಿದ್ದರೆ ಅಗಲ ಸುಮಾರು 61 ಮಿ.ಮೀ.; ಮಡ್‌ಗಾರ್ಡ್ ಅದಕ್ಕಿಂತ ಅಗಲವಿರಲಿ. ಗುಂಡಿ ಒತ್ತಿದರೆ ಇಳಿಯುವ ಸೀಟ್‌ಪೋಸ್ಟ್ ಇದ್ದರೆ, ಅದರ ನುಣುಪಾದ ಭಾಗಕ್ಕೆ ಕ್ಲ್ಯಾಂಪ್ ಬಿಗಿಯಬೇಡಿ. ಗೀರು ಬಿದ್ದರೆ ಸೀಲ್ ಹಾಳಾಗುತ್ತದೆ. ಸೀಟಿನಡಿಯ ಕಂಬಿಗೋ ಫ್ರೇಮಿಗೋ ಕೂರುವಂಥದ್ದನ್ನು ಕೊಳ್ಳಿ.

ಜೋಡಣೆ: ಬೈಕ್ ಆಫ್ ಮಾಡಿ. ಪಟ್ಟಿಯಡಿ ವೈರು, ಬ್ರೇಕ್ ಕೇಬಲ್ ಸಿಕ್ಕಿಕೊಳ್ಳದಿರಲಿ. ಹಿಂದೆ ಏರ್ ಶಾಕ್ ಇದ್ದರೆ ಒತ್ತಡವನ್ನು ಬರೆದಿಟ್ಟುಕೊಂಡು, ನಿಧಾನವಾಗಿ ಗಾಳಿ ಬಿಟ್ಟು, ಸೀಟನ್ನು ಪೂರ್ತಿ ಇಳಿಸಿ ಒತ್ತಿ ನೋಡಿ. ಆಗಲೂ ಟೈರು ಮಡ್‌ಗಾರ್ಡಿಗೆ ತಾಗಬಾರದು. ತಾಗಿದರೆ ಘಾಟಿ ಇಳಿಯುವಾಗ ಮಡ್‌ಗಾರ್ಡ್ ಚಕ್ರಕ್ಕೆ ಸಿಕ್ಕಿ ಸವಾರ ಬೀಳುವ ಅಪಾಯವಿದೆ. ಪರೀಕ್ಷೆಯ ನಂತರ ಮೊದಲಿದ್ದಷ್ಟೇ ಗಾಳಿ ತುಂಬಿಸಿ. ಹಿಂದಿನ ದೀಪ ಮರೆಯಾಗದಂತೆಯೂ ನೋಡಿಕೊಳ್ಳಬೇಕಾಗಿ ವಿನಂತಿ.